ಬೇಕಂತಲೇ

ನಿನ್ನೆ ಒಂದು ಮೆಸೇಜು ಓದಿ, ಆಮೇಲೆ ಉತ್ತರ ಬರೆದ್ರಾಯ್ತು ಅಂತ ಬಿಟ್ಟವನು ಮರೆತೇಬಿಟ್ಟೆ. ಸಂಜೆ ಫೋನ್ ಮಾಡಿದ ಗೆಳೆಯ ಹಲೋ ಕೂಡ ಅನ್ನಲಿಲ್ಲ. "ಬೇಕಂತಲೇ ರಿಪ್ಲೈ ಮಾಡ್ಲಿಲ್ಲ ಅಲ್ವೇನೋ?" ಇಲ್ಲ ಮಾರಾಯ ಅಂದೆ. ನಂಬಲಿಲ್ಲ. ನೀಲಿ ಟಿಕ್ಕುಗಳು ಅವನ ಪರ ಸಾಕ್ಷಿ ಹೇಳ್ತಿದ್ವು.

ಆಮೇಲೆ ಆ ಪದವನ್ನೇ ಬಿಡಿಸ್ತಾ ಕೂತೆ. ಬೇಕು, ಅಂತ, ಕೊನೆಗೆ ಒತ್ತಿ ಹೇಳೋಕೆ ಒಂದು 'ಏ'. ಈ 'ಅಂತ' ಬರೋದು ಇನ್ನೊಬ್ಬರ ಮಾತನ್ನ ಒಪ್ಪಿಸುವಾಗ: ನಾಳೆ ಬರ್ತೀನಿ ಅಂತ ಹೇಳ್ದ, ಹಸಿವು ಅಂತ ಅತ್ಲು. ಹಾಗಾದ್ರೆ ಇಲ್ಲಿ 'ಬೇಕು' ಅಂದವರು ಯಾರು? ನಾನಂತೂ ಅಂದಿಲ್ಲ. ಗೆಳೆಯನೇ ನನ್ನ ಮನಸ್ಸಿನೊಳಗೆ ಹೊಕ್ಕು, ನಾನಾಡದ ಮಾತನ್ನ ನನ್ನ ಬಾಯಲ್ಲಿ ಆಡಿಸಿ, ಅದನ್ನ ನನ್ನ ಮೇಲೇ ಹೊರಿಸಿದ್ದು. ಬರಹದ 'ಬೇಕೆಂದೇ'ಯಲ್ಲೂ ಇದೇ ಕಿತಾಪತಿ.

'ಉದ್ದೇಶಪೂರ್ವಕ' ಅನ್ನೋದಕ್ಕೆ ಈ ಕಿಲಾಡಿತನ ಇಲ್ಲ. ಅದು ಕೋರ್ಟಿನ, ಪೇಪರಿನ ಪದ. ಅಲ್ಲಿ ಉದ್ದೇಶ ಇತ್ತು ಅಂತ ತೋರಿಸ್ಬೇಕು. ಭಾರತೀಯ ನ್ಯಾಯ ಸಂಹಿತೆಯಲ್ಲಿ ಕೊಲೆಗೆ ಶಿಕ್ಷೆ ಹೇಳೋದು 103ನೇ ಸೆಕ್ಷನ್, ನಿರ್ಲಕ್ಷ್ಯದಿಂದಾದ ಸಾವಿಗೆ 106. ಎರಡರಲ್ಲೂ ಜೀವ ಹೋಗಿರುತ್ತೆ, ಅಳೆಯೋದು ಮಾಡಿದವನ ಮನಸ್ಸನ್ನ. ಮನೆಯಲ್ಲಿ ಆ ರಗಳೆಯೇ ಇಲ್ಲ. "ಬೇಕಂತಲೇ ಮಾಡಿದ್ದು" ಅಂದ್ರೆ ತೀರ್ಪು ಬಂದಾಯ್ತು.

ಇನ್ನೊಂದು, ಈ ಪದ ಒಳ್ಳೇದಕ್ಕೆ ಒಗ್ಗೋದೇ ಇಲ್ಲ. "ಬೇಕಂತಲೇ ಸಹಾಯ ಮಾಡ್ದ" ಅಂದು ನೋಡಿ, ಒಳಗೇನೋ ಹುಳುಕಿದೆ ಅಂತ್ಲೇ ಕೇಳುತ್ತೆ. ಪಟ್ಟು ಬಿಡದೆ ನಿಂತವರಿಗೆ ಛಲ ಅನ್ನೋ ಮರ್ಯಾದೆಯ ಪದ ಇದೆ. (ಸಂಸ್ಕೃತದಲ್ಲಿ ಛಲ ಅಂದ್ರೆ ಮೋಸ, ಕಪಟ! ಕನ್ನಡಕ್ಕೆ ಬಂದು ಉದ್ಧಾರ ಆಯ್ತು. 10ನೇ ಶತಮಾನದಲ್ಲೇ ಪಂಪ 'ಚಲದೊಳ್ ದುರ್ಯೋಧನಂ' ಅಂದ, ಯುದ್ಧ ಸೋತವನಿಗೆ.) ಮೊಂಡುತನದ್ದು ಬೇರೆ ಕತೆ. ಮೊಂಡು ಕತ್ತಿ ಎಷ್ಟು ಉಜ್ಜಿದ್ರೂ ಕೊಯ್ಯಲ್ಲ, ಹಾಗೆ. ಅವನ ಸ್ವಭಾವವೇ ಅಷ್ಟು ಅಂತ ಬಿಟ್ಟುಬಿಡ್ತೀವಿ. ಬೇಕಂತಲೇ ಮಾಡಿದವನಿಗೆ ಆ ರಿಯಾಯಿತಿ ಸಿಗಲ್ಲ, ಯಾಕಂದ್ರೆ ಅವನು ಯೋಚನೆ ಮಾಡಿ ಮಾಡಿದ್ದಾನೆ ಅಂತ ನಮ್ಮ ನಂಬಿಕೆ.

ನಮ್ಮ ಬಗ್ಗೆಯೇ ಹೇಳ್ಕೊಳ್ಳುವಾಗ ಮಾತ್ರ ಅದು ಪ್ರಶ್ನೆಯಾಗುತ್ತೆ: "ನಾನೇನು ಬೇಕಂತಲೇ ಮಾಡಿದ್ನಾ?" ಹೌದಪ್ಪಾ, ಬೇಕಂತಲೇ ಮಾಡ್ದೆ ಅಂದ ದೊಡ್ಡವರನ್ನ ನಾನಂತೂ ಕಂಡಿಲ್ಲ.

ತಂಗಿಯ ಮಗಳಿಗೆ ಮೂರು ವರ್ಷ. ಮೊನ್ನೆ ನೀರಿದ್ದ ಲೋಟವನ್ನ ಒಂದೇ ಬೆರಳಲ್ಲಿ ಮೇಜಿನ ಅಂಚಿನವರೆಗೆ ತಳ್ಕೊಂಡು ಬಂದ್ಲು, ನನ್ನ ಮುಖವನ್ನೇ ನೋಡ್ತಾ. ಅಂಚಿನಲ್ಲಿ ಒಂದು ಕ್ಷಣ ನಿಲ್ಲಿಸಿದ್ಲು. ಠಣ್! ನೆಲವೆಲ್ಲ ನೀರು.

"ಬೇಕಂತಲೇ ಬೀಳಿಸಿದ್ಯಾ?" ದನಿ ಏರಿಸಿದೆ.

"ಹೂಂ ಮಾಮ, ಬೇಕಂತ್ಲೇ" ಅಂದು, ಲೋಟ ಎತ್ಕೊಡು ಅಂತ ಕೈ ಚಾಚಿದ್ಲು.