ಹೋಗೋ ಮುಂಚೆ ಒಂದು ಸಣ್ಣ ಕೆಲಸ

ನಿನ್ನೆ ಶನಿವಾರ, ಸಂಜೆ ಐದೂ ಮುಕ್ಕಾಲು. ಟಿಫನ್ ಬಾಕ್ಸು, ನೀರಿನ ಬಾಟಲಿ, ಛತ್ರಿ ಮೂರನ್ನೂ ಬ್ಯಾಗಿಗೆ ತುರುಕಿ ಜಿಪ್ ಎಳೆಯುತ್ತಿದ್ದೆ. ಬೆನ್ನ ಹಿಂದಿನಿಂದ ಬಂತು ಆ ಮಾತು.

"ಮೇಡಂ, ಹೋಗೋ ಮುಂಚೆ ಒಂದು ಸಣ್ಣ ಕೆಲಸ."

ಆ ಸಣ್ಣ ಕೆಲಸ ಏನು ಅಂತ ಆಮೇಲೆ ಹೇಳುತ್ತೇನೆ. ಈಗಲೇ ಹೇಳಲು ಹೊರಟರೆ ಬಿಪಿ ಏರುತ್ತದೆ. ಭಾನುವಾರ ಬೆಳಿಗ್ಗೆ, ಇನ್ನೂ ಎರಡನೇ ಕಾಫಿ ಆಗಿಲ್ಲ.

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನಾನು ಡಿಸ್‌ಪ್ಯಾಚ್ ನೋಡಿಕೊಳ್ಳುತ್ತೇನೆ. ಮಾಲು ರೆಡಿಯಾದ ಮೇಲೆ ಲಾರಿ ಕರೆಸುವುದು, ಇನ್‌ವಾಯ್ಸ್ ಮಾಡುವುದು, ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ಚೀಟಿ ಅಂದರೆ ಇ-ವೇ ಬಿಲ್ ತೆಗೆಯುವುದು, ಡ್ರೈವರ್ ಎಲ್ಲಿದ್ದಾನೆ ಅಂತ ಫೋನ್ ಮಾಡುವುದು, ಅವನು ಮದ್ದೂರಿನಲ್ಲಿ ವಡೆ ತಿನ್ನುತ್ತಾ "ಬಿಡದಿ ದಾಟ್ದೆ ಮೇಡಂ" ಅಂದರೆ ನಂಬಿದವಳಂತೆ "ಹೂಂ" ಅನ್ನುವುದು. ಹೊರಡುವ ದಿನಕ್ಕೆ ಇಲ್ಲಿ ನನ್ನದು 9 ವರ್ಷ 7 ತಿಂಗಳು. ಆ 7 ತಿಂಗಳು ಸುಮ್ನೆ ಸೇರಿಕೊಂಡದ್ದಲ್ಲ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಲೆಕ್ಕದಲ್ಲಿ ವರ್ಷಕ್ಕೆ 15 ದಿನದ ಸಂಬಳ, ಕೊನೆಯಲ್ಲಿ 6 ತಿಂಗಳು ಮೀರಿದರೆ ಅದೂ ಒಂದು ಪೂರ್ತಿ ವರ್ಷ. ಕ್ಯಾಲೆಂಡರ್ ಮುಂದಿಟ್ಟುಕೊಂಡು, ಅದು ಮೀರುವಂತೆ ಲೆಕ್ಕ ಹಾಕಿಯೇ ರಾಜೀನಾಮೆ ಬರೆದೆ. ಆದರೆ ರಾಜೀನಾಮೆ ಕೊಟ್ಟ ಮೇಲೂ ದುಡಿಯಬೇಕಾದ ನೋಟಿಸ್ ಪೀರಿಯಡ್ಡು 90 ದಿನ ಅನ್ನುವುದನ್ನು ಬರೀ ಸಂಖ್ಯೆ ಅಂದುಕೊಂಡಿದ್ದೆ. ಅದೊಂದು ಋತು.

ಆಷಾಢದಲ್ಲಿ ಪತ್ರ ಕೊಟ್ಟೆ. ಶ್ರಾವಣ ಬಂದು ಹೋಯಿತು. ವರಮಹಾಲಕ್ಷ್ಮಿಗೆ ಅರ್ಧ ದಿನ ರಜೆ ಕೇಳಿದರೆ, ನೋಟಿಸ್‌ನಲ್ಲಿರುವವರಿಗೆ ರಜೆ ಇಲ್ಲ ಅಂದರು. ಒಂದು ದಿನ ಜ್ವರ ಬಂದು ಮಲಗಿದೆ, ಕೊನೆಯ ದಿನಾಂಕವೂ ನನ್ನ ಜೊತೆ ಒಂದು ದಿನ ಮಲಗಿ ಎದ್ದು ಮುಂದೆ ಹೋಯಿತು. ಹೊಸ ಕಂಪನಿಯವರು ವಾರಕ್ಕೊಮ್ಮೆ "ಯಾವಾಗ ಬರ್ತೀರಿ?" ಅನ್ನುತ್ತಾರೆ, ಹಳೆಯವರು "ಇಷ್ಟು ಬೇಗ ಯಾಕೆ ಹೋಗ್ತೀರಿ?" ಅನ್ನುತ್ತಾರೆ. ಬೀಗರಿಬ್ಬರ ಮಧ್ಯೆ ಸಿಕ್ಕ ಮದುಮಗಳ ಹಾಗಾಗಿದೆ ನನ್ನ ಕಥೆ.

ಮನೆಯಲ್ಲಿ ಅತ್ತೆಗೆ ಇದು ಅರ್ಥವೇ ಆಗಿಲ್ಲ. ಸೊಸೆ ಕೆಲಸ ಬಿಟ್ಟಳು ಅಂತ ಜೂನ್‌ನಲ್ಲೇ ಇಡೀ ಅಗ್ರಹಾರಕ್ಕೆ ಹೇಳಿಯಾಗಿದೆ. ಆಮೇಲೂ ನಾನು ದಿನಾ ಎಂಟು ಗಂಟೆಗೆ ಹೆಲ್ಮೆಟ್ ಹಾಕಿಕೊಂಡು ಹೊರಡುವುದನ್ನು ಎದುರು ಮನೆಯವರು ನೋಡುತ್ತಾರಲ್ಲ, ಅದು ಅವರಿಗೆ ಮುಜುಗರ.

"ಅಲ್ಲಮ್ಮಾ, ಬಿಡೋದು ಅಂದ್ರೆ ಬಿಡೋದು. ನಾವು ಬಾಡಿಗೆ ಮನೆ ಬಿಟ್ಟಾಗ ಮೂರು ತಿಂಗಳು ಅಲ್ಲೇ ಕೂತು ಸುಣ್ಣ ಹೊಡೀತಿದ್ವಾ?"

ಹೊಡೆಯುತ್ತಿರಲಿಲ್ಲ. ಅವರು ಹೇಳುವುದು ಸರಿಯೇ.

ಈಗ ನಮ್ಮ ಸಾಹೇಬರ ವಿಷಯ. ಕೆಟ್ಟವರಲ್ಲ. ದನಿ ಎತ್ತರಿಸುವುದಿಲ್ಲ, ಹಬ್ಬಕ್ಕೆ ಮರೆಯದೆ ಶುಭಾಶಯ ಕಳಿಸುತ್ತಾರೆ. ಅವರದು ಒಂದೇ ಅಭ್ಯಾಸ, "ಹೋಗೋ ಮುಂಚೆ". ಮೊದಲು ಇದರ ಅರ್ಥ ಮನೆಗೆ ಹೋಗುವ ಮುಂಚೆ ಅಂತ ಇತ್ತು. ರಾಜೀನಾಮೆ ಕೊಟ್ಟ ಮೇಲೆ ಕೆಲಸ ಬಿಟ್ಟು ಹೋಗುವ ಮುಂಚೆ ಅಂತಾಯಿತು. ಈಗೀಗ ಆ ಮೆತ್ತನೆಯ ದನಿ, ಓರೆ ಮಾಡಿದ ಕತ್ತು, ಎದೆಯ ಮೇಲಿಟ್ಟ ಕೈ ಎಲ್ಲಾ ನೋಡಿದರೆ ಮೂರನೇ ಅರ್ಥವೂ ಹೊರಡುತ್ತಿದೆ. ಬಾಯಿಗೆ ಗಂಗಾಜಲ ಬಿಡುವುದೊಂದು ಬಾಕಿ.

ಒಂಬತ್ತು ವರ್ಷ ಸಂಬಳ ಹೆಚ್ಚಿಸುವ ಕಾಲಕ್ಕೆ ಇದೇ ಸಾಹೇಬರು ಹೇಳುತ್ತಿದ್ದರು: "ಏನಿದೆ ಮೇಡಂ ಡಿಸ್‌ಪ್ಯಾಚ್‌ನಲ್ಲಿ, ಎಂಟ್ರಿ ಹಾಕೋದು ತಾನೇ?" ರಾಜೀನಾಮೆ ಕೊಟ್ಟ ಮರುದಿನವೇ ಅದು ಕಂಪನಿಯ ಬೆನ್ನೆಲುಬಾಯಿತು. "ನಿಮ್ಮ ತಲೇಲಿ ಇರೋದನ್ನೆಲ್ಲ ಬರೆದಿಟ್ಟು ಹೋಗಿ ಮೇಡಂ." ನನ್ನ ತಲೆಯಲ್ಲಿ ಅಷ್ಟೊಂದು ಇದೆ ಅಂತ ಮೊದಲೇ ಗೊತ್ತಿದ್ದರೆ ಆ ತಲೆಗೆ ಒಂದೆರಡು ಸಾವಿರ ಜಾಸ್ತಿ ಕೊಡಬಹುದಿತ್ತು ಅಲ್ವಾ?

ಹೋಗೋ ಮುಂಚೆ ಮೂರು ವರ್ಷದ ಟ್ರಾನ್ಸ್‌ಪೋರ್ಟ್ ಬಿಲ್ ತಾಳೆ ನೋಡಿದೆ. ಹೋಗೋ ಮುಂಚೆ ಬೀರುವಿನ ಬೀಗದ ಕೈಗಳಿಗೆಲ್ಲ ಚೀಟಿ ಕಟ್ಟಿದೆ. ಅದರಲ್ಲಿ ನಾಲ್ಕು ಯಾವ ಬೀರುವಿನದು ಅಂತ ದೇವರಿಗೂ ಗೊತ್ತಿಲ್ಲ. ಹೋಗೋ ಮುಂಚೆ ಮುಂದಿನ ವರ್ಷದ ಲಾರಿ ಬಾಡಿಗೆ ಬಜೆಟ್ ಮಾಡಿಕೊಡಿ ಅಂದರು.

"ಮುಂದಿನ ವರ್ಷ ನಾನು ಇರಲ್ಲ ಸರ್."

"ಅದಕ್ಕೇ ಮೇಡಂ ಈಗ ಕೇಳ್ತಿರೋದು."

ಇದಕ್ಕೆ ಉತ್ತರ ಇದ್ದರೆ ನೀವೇ ಹೇಳಿ.

ತಿಂಗಳ ಹಿಂದೆ ನಾನೂ ಒಂದು ಉಪಾಯ ಕಲಿತೆ. ಹೊಸ ಕೆಲಸ ಬಂದರೆ ಇಲ್ಲ ಅನ್ನುವುದಿಲ್ಲ. "ಆಗಲಿ ಸರ್, ಒಂದು ಮೇಲ್ ಹಾಕಿಬಿಡಿ. ಇದಕ್ಕೋಸ್ಕರ ಇವತ್ತಿನ ಯಾವ ಕೆಲಸ ಬಿಡಲಿ ಅಂತಾನೂ ಅದರಲ್ಲೇ ಬರೀರಿ" ಅನ್ನುತ್ತೇನೆ. ಇದು ಮಂತ್ರದಂತೆ ಕೆಲಸ ಮಾಡಿತು. ಬಾಯಲ್ಲಿ ಹೇಳುವಾಗ ಸಣ್ಣದಾಗಿರುವ ಕೆಲಸ, ಬರೆಯಲು ಕೂತರೆ ಹೇಳುವವರಿಗೇ ದೊಡ್ಡದಾಗಿ ಕಾಣುತ್ತದೆ. ಅರ್ಧಕ್ಕರ್ಧ ಕೆಲಸಗಳು ಮೇಲ್ ಆಗುವ ಮೊದಲೇ ಸತ್ತವು. ನೋಟಿಸ್‌ನಲ್ಲಿರುವ ಯಾರಾದರೂ ಓದುತ್ತಿದ್ದರೆ ಬೇಕಾದರೆ ಪ್ರಯೋಗ ಮಾಡಿ ನೋಡಿ. ಎಷ್ಟು ದಿನ ನಡೆಯುತ್ತದೆ ಅನ್ನುವ ಗ್ಯಾರಂಟಿ ನನ್ನದಲ್ಲ.

ಮೊನ್ನೆ ಬೆಳಿಗ್ಗೆ ಸಯ್ಯಾಜಿರಾವ್ ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಬೇಕಾಯಿತು. ದಸರಾ ಆನೆಗಳ ತಾಲೀಮು. ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿಲೋಮೀಟರ್ ನಡಿಗೆ. ಮೊದಮೊದಲು ಸುಮ್ನೆ ನಡೆಸುತ್ತಾರೆ. ಆಮೇಲೆ ಬೆನ್ನ ಮೇಲೆ ಮರಳು ಮೂಟೆ. ದಿನ ಹೋದಂತೆ ಮೂಟೆ ಹೆಚ್ಚು, ಕೊನೆಗೆ ಮರದ ಅಂಬಾರಿ. ಎಲ್ಲವೂ 750 ಕೆಜಿಯ ಅಂಬಾರಿ ಹೊರುವ ಆ ಒಂದು ದಿನಕ್ಕಾಗಿ. ನೋಡುತ್ತಾ ನಿಂತವಳಿಗೆ ಇದು ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸಿತು. ನನಗೂ ದಿನ ಕಳೆದಂತೆ ಮೂಟೆ ಹೆಚ್ಚುತ್ತಿದೆ. ಆದರೆ ಆನೆಗೆ ತಾಲೀಮು ಮುಗಿದ ಮೇಲೆ ಭತ್ತ, ಬೆಲ್ಲ, ತೆಂಗಿನಕಾಯಿ ಹಾಕಿ ಹುಲ್ಲಿನಲ್ಲಿ ಕಟ್ಟಿದ ಕುಸುರೆ ಸಿಗುತ್ತದೆ. ಲಾರಿ ತೂಗುವ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಕ ನೋಡುತ್ತಾರೆ, ಎಷ್ಟು ಹೆಚ್ಚಿದೆ ಅಂತ ಪೇಪರಿನಲ್ಲಿ ಹಾಕುತ್ತಾರೆ. ನಾನು ದಿನಾ ವೇಬ್ರಿಡ್ಜ್ ಚೀಟಿಗಳ ಮಧ್ಯೆಯೇ ಬದುಕುವವಳು. ನನ್ನ ತೂಕ ಏನಾಗಿದೆ ಅಂತ ಒಬ್ಬರೂ ಕೇಳಿಲ್ಲ.

ಸರಿ, ಈಗ ಕೆಟಿಗೆ ಬರೋಣ. ನಾಲೆಡ್ಜ್ ಟ್ರಾನ್ಸ್‌ಫರ್. ಇರುವವಳು ಬರುವವರಿಗೆ ಕೆಲಸ ಹೇಳಿಕೊಡುವುದು. ಒಂದೇ ತೊಂದರೆ, ಬರುವವರು ಇನ್ನೂ ಯಾರೂ ಬಂದಿಲ್ಲ. ಎರಡು ತಿಂಗಳಿಂದ ಹುಡುಕುತ್ತಿದ್ದಾರಂತೆ. ಸಾಹೇಬರು ಅದಕ್ಕೂ ದಾರಿ ಕಂಡುಕೊಂಡರು.

"ವಿಡಿಯೋ ರೆಕಾರ್ಡ್ ಮಾಡಿಬಿಡಿ ಮೇಡಂ. ಮೀಟಿಂಗ್ ರೂಮಲ್ಲಿ ಕೂತ್ಕೊಳ್ಳಿ. ಎದುರಿಗೆ ಒಬ್ಬರು ಇದ್ದಾರೆ ಅಂದ್ಕೊಂಡು ಹೇಳ್ತಾ ಹೋಗಿ."

ಹಾಗೆ ಕಳೆದ ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ನಾನು ಒಂದು ಖಾಲಿ ಕುರ್ಚಿಗೆ ಡಿಸ್‌ಪ್ಯಾಚ್ ಕಲಿಸಲು ಕೂತೆ. ನೀಲಿ ಬಟ್ಟೆಯ, ಒಂದು ಕೈ ಮುರಿದ ಕುರ್ಚಿ. ಮೊದಲ ಐದು ನಿಮಿಷ ನಾಚಿಕೆ. "ನಮಸ್ಕಾರ" ಅಂದೆ, ಅದು ಸುಮ್ಮನಿತ್ತು. ಮಾಲಿನ ಬೆಲೆ 50 ಸಾವಿರ ದಾಟಿದರೆ ಇ-ವೇ ಬಿಲ್ ಬೇಕು ಅಂದೆ. 200 ಕಿಲೋಮೀಟರ್‌ಗೆ ಒಂದು ದಿನದ ವಾಯಿದೆ, ಹಾಗಾಗಿ ಹೊಸೂರಿಗೆ ಒಂದೇ ದಿನ, ಚೆನ್ನೈಗಾದರೆ ಮೂರು ದಿನ ಅಂದೆ. ತಪ್ಪಾದರೆ 24 ಗಂಟೆಯೊಳಗೆ ಕ್ಯಾನ್ಸಲ್ ಮಾಡಬಹುದು ಅಂದೆ. ಅರ್ಧ ಗಂಟೆ ಆಗುವ ಹೊತ್ತಿಗೆ ಕುರ್ಚಿಯ ಮೇಲೆ ಒಂದು ಥರಾ ವಿಶ್ವಾಸ ಬಂದಿತ್ತು. ಮೊಬೈಲ್ ನೋಡುತ್ತಿಲ್ಲ, ನಡುವೆ ಎದ್ದು ಹೋಗುತ್ತಿಲ್ಲ, "ಇದನ್ನ ನಮ್ಮ ಹಳೇ ಕಂಪನಿಯಲ್ಲಿ ಬೇರೆ ಥರ ಮಾಡ್ತಿದ್ವಿ" ಅನ್ನುತ್ತಿಲ್ಲ. "ಅರ್ಥ ಆಯ್ತಲ್ಲ?" ಅಂತ ನಿಜವಾಗಿಯೂ ಕೇಳಿಬಿಟ್ಟೆ. ಕೇಳಿ, ಉತ್ತರಕ್ಕೆ ಕಾದೆ. ಅದೇ ನನಗೆ ಈಗಲೂ ಭಯ ಹುಟ್ಟಿಸುವ ವಿಷಯ.

ಅಷ್ಟರಲ್ಲಿ ಅಟೆಂಡರ್ ಅಣ್ಣ ಟೀ ತಂದ. ಲೋಟ ಇಟ್ಟು ಹೋಗುವ ಬದಲು ನಿಂತ. ನಿಂತವನು ಮೆಲ್ಲಗೆ ಆ ಕುರ್ಚಿಯಲ್ಲೇ ಕೂತ. ಇಪ್ಪತ್ತು ನಿಮಿಷ ಕೇಳಿ ಕೈ ಎತ್ತಿದ.

"ಮೇಡಂ, ಲಾರಿ ದಾರೀಲಿ ಕೆಟ್ಟು ನಿಂತು, ಮಾಲು ಬೇರೆ ಲಾರಿಗೆ ಹಾಕಿದ್ರೆ? ಬಿಲ್ಲಲ್ಲಿ ಹಳೇ ಲಾರಿ ನಂಬರ್ರೇ ಇರುತ್ತಲ್ಲಾ?"

ನಾನು ದಂಗಾದೆ. ಈ ಪ್ರಶ್ನೆಯನ್ನು ಒಂಬತ್ತು ವರ್ಷದಲ್ಲಿ ಆಫೀಸಿನ ಒಬ್ಬರೂ ಕೇಳಿರಲಿಲ್ಲ. ಅದೇ ಕೆಲಸದ ತಿರುಳು. ಹೊಸ ಬಿಲ್ ಬೇಡ, ಇರುವ ಬಿಲ್ಲಿನ ಪಾರ್ಟ್-ಬಿಯಲ್ಲಿ ಹೊಸ ಲಾರಿಯ ನಂಬರ್ ಹಾಕಬೇಕು. ಅದು ಗೊತ್ತಿಲ್ಲದೆ ಚೆಕಿಂಗ್‌ನಲ್ಲಿ ಸಿಕ್ಕಿಬಿದ್ದರೆ ಲಾರಿಯೂ ಅಲ್ಲೇ, ಮಾಲೂ ಅಲ್ಲೇ. ಖುಷಿಯಿಂದ ಬೋರ್ಡಿನ ಮೇಲೆ ಬರೆದು ವಿವರಿಸಿದೆ. ಅವನು ಜೇಬಿನಿಂದ ಒಂದು ಪುಟ್ಟ ನೋಟ್‌ಬುಕ್ ತೆಗೆದು ಬರೆದುಕೊಂಡ. ಒಟ್ಟು 1 ಗಂಟೆ 10 ನಿಮಿಷದ ವಿಡಿಯೋ. ಇಷ್ಟು ಚೆನ್ನಾಗಿ ನಾನು ಯಾರಿಗೂ ಏನನ್ನೂ ಹೇಳಿಕೊಟ್ಟಿಲ್ಲ, ನನ್ನ ಮಗನಿಗೆ ಭಾಗಾಕಾರವನ್ನೂ ಸೇರಿಸಿ.

ಈಗ ನಿನ್ನೆಯ ಸಣ್ಣ ಕೆಲಸ.

"ವಿಡಿಯೋ ನೋಡಿದೆ ಮೇಡಂ. ತುಂಬಾ ಚೆನ್ನಾಗಿದೆ. ಆದ್ರೆ ಮಧ್ಯೆ ಲೋಟದ ಸದ್ದು ಬರುತ್ತೆ. ಯಾರೋ ಪ್ರಶ್ನೆ ಬೇರೆ ಕೇಳ್ತಾರೆ. ಹೊಸಬರಿಗೆ ಕನ್‌ಫ್ಯೂಸ್ ಆಗುತ್ತೆ. ಹೋಗೋ ಮುಂಚೆ ಇನ್ನೊಂದು ಸಲ ಮಾಡಿಬಿಡಿ. ಹಾಂ, ಸ್ವಲ್ಪ ನಗುಮುಖ ಇರಲಿ."

ನಾನು ನನ್ನ ಅಸ್ತ್ರ ತೆಗೆದೆ. "ಒಂದು ಮೇಲ್ ಹಾಕಿಬಿಡಿ ಸರ್."

"ನಾಲ್ಕು ಗಂಟೆಗೇ ಹಾಕಿದ್ದೀನಿ ಮೇಡಂ. ಬಜೆಟ್ ಸೋಮವಾರ ಮಾಡಿ ಅಂತಾನೂ ಬರೆದಿದ್ದೀನಿ."

ಮನುಷ್ಯ ಕಲಿತುಬಿಟ್ಟಿದ್ದರು. ಈ ಆಫೀಸಿನಲ್ಲಿ ನನ್ನಿಂದ ಪೂರ್ತಿಯಾಗಿ ಆದ ನಾಲೆಡ್ಜ್ ಟ್ರಾನ್ಸ್‌ಫರ್ ಬಹುಶಃ ಇದೊಂದೇ.

ಮತ್ತೆ ಮೀಟಿಂಗ್ ರೂಮಿಗೆ ಹೋದೆ. ಮತ್ತೆ ಕುರ್ಚಿ. ನಗುಮುಖ ಮಾಡಿಕೊಂಡು 50 ಸಾವಿರ, 200 ಕಿಲೋಮೀಟರ್, 24 ಗಂಟೆ ಎಲ್ಲಾ ಹೇಳಿದೆ. ಲಾರಿ ಕೆಟ್ಟು ನಿಲ್ಲುವ ಜಾಗಕ್ಕೆ ಬಂದಾಗ ತಾನಾಗಿಯೇ ಮಾತು ನಿಂತಿತು. ಪ್ರಶ್ನೆ ಕೇಳುವವರೇ ಇರಲಿಲ್ಲ. ಗಾಜಿನ ಬಾಗಿಲಿನ ಆಚೆ ಅಟೆಂಡರ್ ಅಣ್ಣ ಟ್ರೇ ಹಿಡಿದು ನಿಂತಿದ್ದ, ಒಳಗೆ ಬರಬೇಡ ಅಂದಿದ್ದರಂತೆ. ಅಂಗಳದಲ್ಲಿ ಕೊನೆಯ ಲಾರಿ ರಿವರ್ಸ್ ತೆಗೆಯುತ್ತಿತ್ತು. ಕಾಲಿಂಗ್‌ಬೆಲ್ ಇಲ್ಲದ ಮನೆಯವರಿಗೆ ಗೇಟಿನ ಸದ್ದು ಗೊತ್ತಾಗುವ ಹಾಗೆ, ಯಾವ ಲಾರಿ ಅಂತ ನೋಡದೆಯೇ ನನಗೆ ಗೊತ್ತಾಗುತ್ತದೆ. ಇನ್ನು 11 ದಿನ ಆದ ಮೇಲೆ ಈ ವಿದ್ಯೆಯನ್ನು ಎಲ್ಲಿ ಉಪಯೋಗಿಸುವುದು?

ಏಳೂಕಾಲಿಗೆ ಮುಗಿಸಿ ಹೊರಗೆ ಬಂದೆ. ಟೀ ಆರಿ ತಣ್ಣಗಾಗಿತ್ತು. ಅಟೆಂಡರ್ ಅಣ್ಣ ನೋಟ್‌ಬುಕ್ ಮುಂದೆ ಚಾಚಿ, "ಸರಿಯಾಗಿದೆಯಾ ನೋಡಿ ಮೇಡಂ" ಅಂದ. ನೂರು ಪುಟದ್ದು, ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ "ಕೇಟಿ" ಅಂತ ಬರೆದಿದ್ದಾನೆ. ಒಳಗೆ ಎಲ್ಲಾ ಸರಿಯಾಗಿದೆ. ನನ್ನ ಎರಡೂ ವಿಡಿಯೋಗಳಿಗಿಂತ ಚೆನ್ನಾಗಿದೆ. ಮೂರನೇ ಪುಟದಲ್ಲಿ ಕೆಳಗೆ ಗೆರೆ ಎಳೆದು ಬರೆದಿತ್ತು:

"ಲಾರಿ ಕೆಟ್ಟು ನಿಂತರೆ: 1. ಡ್ರೈವರ್‌ಗೆ ಫೋನ್ ಮಾಡುವುದು. 2. ಹೊಸ ಲಾರಿ ನಂಬರ್ ಪಾರ್ಟ್-ಬಿಯಲ್ಲಿ ಹಾಕುವುದು. 3. ಆಗದಿದ್ದರೆ ಮೇಡಂಗೆ ಫೋನ್ ಮಾಡುವುದು."

ಮೂರನೆಯದನ್ನು ಹೊಡೆದುಹಾಕೋಣ ಅಂತ ಪೆನ್ ತೆಗೆದೆ. ಆಮೇಲೆ ಪಕ್ಕದಲ್ಲಿ "ರಾತ್ರಿ ಒಂಬತ್ತರ ಒಳಗೆ" ಅಂತ ಬರೆದು ವಾಪಸ್ ಕೊಟ್ಟೆ.