ಮಗನ ಫ್ರೆಂಚು, ಅಪ್ಪನ ಸಹಿ

ಆರನೇ ಕ್ಲಾಸಿಗೆ ಬಂದಾಗ ಮಗ ಮೂರನೇ ಭಾಷೆಯಾಗಿ ಫ್ರೆಂಚ್ ತಗೊಂಡ. ತಗೊಂಡ ಅನ್ನುವುದು ಸುಳ್ಳು, ನಾವೇ ಕೊಡಿಸಿದ್ದು. "ಫ್ರೆಂಚ್ ಸ್ಕೋರಿಂಗ್ ಸಾರ್" ಅಂತ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಯಾರೋ ಹೇಳಿದ್ದರು. ನಾಲ್ಕನೇ ಮಹಡಿಯಿಂದ ಕೆಳಗಿಳಿಯುವಷ್ಟರಲ್ಲಿ ತೀರ್ಮಾನ ಆಗಿಹೋಗಿತ್ತು.

ಅದರ ಫಲ ಸಿಕ್ಕಿದ್ದು ಪೇರೆಂಟ್ಸ್ ಮೀಟಿಂಗಿನಲ್ಲಿ. "ದಿನಾ ಹತ್ತು ನಿಮಿಷ ನೀವೂ ಮಗುವಿನ ಜೊತೆ ಫ್ರೆಂಚ್ ಪ್ರಾಕ್ಟೀಸ್ ಮಾಡಿ, ಡೈರಿಗೆ ಸಹಿ ಹಾಕಿ ಕಳಿಸಿ" ಅಂದರು ಮ್ಯಾಮ್. ನಾನು ತಲೆಯಾಡಿಸಿದೆ. ಮಕ್ಕಳ ಆ ಪುಟ್ಟ ಕುರ್ಚಿಯಲ್ಲಿ ಮಂಡಿ ಮಡಚಿ ಕೂತವನಿಗೆ ಆಗಲ್ಲ ಅನ್ನುವ ಧೈರ್ಯ ಎಲ್ಲಿಂದ ಬರಬೇಕು?

ಮೊದಲ ವಾರ ಅಂಕಿ. 69ರ ತನಕ ಸುಖವಾಗಿ ಹೋದೆವು. 70ಕ್ಕೆ ಫ್ರೆಂಚರು 'ಅರವತ್ತು ಹತ್ತು' ಅಂತಾರೆ. 80 ಅಂದರೆ 'ನಾಲ್ಕು ಇಪ್ಪತ್ತು'. 99 ಹೇಳಬೇಕಾದರೆ 'ನಾಲ್ಕು ಇಪ್ಪತ್ತು ಹತ್ತು ಒಂಬತ್ತು'. ನಮ್ಮ ಬೀದಿಯ ಸೊಪ್ಪಿನಮ್ಮ ಕೂಡ ಲೆಕ್ಕವನ್ನು ಇಷ್ಟು ಸುತ್ತಿಸಲ್ಲ. ರಾತ್ರಿ ನೆಟ್ಟಿನಲ್ಲಿ ಹುಡುಕಿದೆ. ಫ್ರೆಂಚ್ ಆಡುವ ಬೆಲ್ಜಿಯಂನವರು 90ಕ್ಕೆ 'ನೊನಾಂತ್' ಅಂತ ಒಂದೇ ಪದದಲ್ಲಿ ಮುಗಿಸುತ್ತಾರಂತೆ. "ನೋಡು, ಬುದ್ಧಿವಂತರು! ಇದನ್ನೇ ಬರಿ" ಅಂದೆ. ಬರೆದ. ಟೆಸ್ಟಿನಲ್ಲಿ ಕೆಂಪು ಗೀಟು ಬಿತ್ತು. ಮಗನಿಗೆ ಹೋಗಿದ್ದು ಒಂದೇ ಮಾರ್ಕು, ನನಗೆ ನಾಲ್ಕು ಇಪ್ಪತ್ತರಷ್ಟು ಮರ್ಯಾದೆ.

ಆಮೇಲೆ ಲಿಂಗ. ಕನ್ನಡದಲ್ಲಿ ಮೇಜು, ಕುರ್ಚಿ ಎಲ್ಲ ಸುಮ್ನೆ 'ಅದು'. ಅವರಲ್ಲಿ ಹಾಗಿಲ್ಲ, ಪ್ರತಿ ಸಾಮಾನೂ ಗಂಡು ಇಲ್ಲವೇ ಹೆಣ್ಣು. ಗಂಡಿಗೆ 'ಲು', ಹೆಣ್ಣಿಗೆ 'ಲಾ'. ನೆನಪಿಗಿರಲಿ ಅಂತ ಮಗ ಮನೆಯ ತುಂಬಾ ಚೀಟಿ ಅಂಟಿಸಿದ, ಗಂಡಿಗೆ ನೀಲಿ, ಹೆಣ್ಣಿಗೆ ಗುಲಾಬಿ. ನನ್ನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಒಂದು ಸುತ್ತು ಹಾಕಿ ಬಂದಳು. ಹಾಸಿಗೆ ಗಂಡು. ಸೋಫಾ ಗಂಡು. ಅಡುಗೆಮನೆ ಹೆಣ್ಣು. ಕಸದ ಬುಟ್ಟಿಯೂ ಹೆಣ್ಣು. "ಅಲ್ಲೂ ಇದೇ ಕಥೆ ಅನ್ನಿ" ಅಂದಳು. ಅಷ್ಟರಲ್ಲಿ ಬಾಗಿಲ ಹಿಂದಿನ ಪೊರಕೆ ಕಣ್ಣಿಗೆ ಬಿತ್ತು. ಅದಕ್ಕೆ ನೀಲಿ ಚೀಟಿ. "ಲು ಬಾಲೇ, ಪುಲ್ಲಿಂಗ" ಅಂತ ಮಗ ಬೇರೆ ಗಟ್ಟಿಯಾಗಿ ಓದಿದ. ಪೊರಕೆ ನನ್ನ ಕೈಗೆ ಬಂತು. ಈಗಲೂ ಭಾನುವಾರ ಅದು ನನ್ನ ಕೈಯಲ್ಲೇ ಇರುತ್ತದೆ.

ಇಷ್ಟಾದರೂ ಮನೆಯೊಳಗಿನ ಮಾತು ಮನೆಯೊಳಗೇ ಇತ್ತು. ಆಚೆ ಹೋಗಿದ್ದು ತಿಪಟೂರಿಗೆ.

ಅಲ್ಲಿ ನಮ್ಮ ಸೋದರಮಾವ ಇದ್ದಾರೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದು ಒಂದು ವಾರವಾಗಿತ್ತು ಅಷ್ಟೆ. ಅಮ್ಮ ವಿಚಾರಿಸಲು ಫೋನ್ ಮಾಡಿದಳು. ಅವತ್ತಿನ ಹತ್ತು ನಿಮಿಷ ಬಾಕಿ ಇತ್ತು. "ತಾತನ ಹತ್ತಿರಾನೂ ಮಾತಾಡೋ" ಅಂತ ನಾನೇ ಮಗನ ಕೈಗೆ ಫೋನ್ ಕೊಟ್ಟೆ. ಅವನು ಕ್ಲಾಸಿನಲ್ಲಿ ಹೇಳಿಕೊಟ್ಟ ಹಾಗೇ, 'ಹೇಗಿದ್ದೀಯ' ಅನ್ನುವುದನ್ನು ರಾಗವಾಗಿ ಕೇಳಿದ.

"ಕೊಮಾಂ ಸಾವಾ?"

ಆ ಕಡೆ ಸದ್ದಿಲ್ಲ. ಆಮೇಲೆ ಮಾವನ ದನಿ, ಸ್ಪೀಕರಿನಲ್ಲಿ. "ಏನಂದೆ ಮರಿ?"

ಕೇಳಿಸಲಿಲ್ಲವೇನೋ ಅಂತ ಮಗ ಬಿಡಿಸಿ ಹೇಳಿದ. "ಕೊಮಾಂ... ಸಾವಾ?"

"ಕೋಮಾನೋ ಸಾವೋ ಅಂತ ಕೇಳ್ತಿದೀಯಾ? ನಿಮ್ಮಪ್ಪ ಹೇಳಿಕೊಟ್ಟನಾ?"

ಅಮ್ಮ ಫೋನ್ ಕಿತ್ತುಕೊಂಡಳು. ಅದು ಫ್ರೆಂಚು, ಕ್ಷೇಮ ವಿಚಾರಿಸೋದು ಅಂತ ಅವಳು ಹೇಳಿದಷ್ಟೂ ಅತ್ತೆಯ ದನಿ ಹಿಂದಿನಿಂದ ಏರುತ್ತಲೇ ಹೋಯಿತು. ಅವತ್ತು ರಾತ್ರಿ ನಾನು ಡೈರಿಯಲ್ಲಿ ಸಹಿ ಹಾಕಿ, ನಡೆದದ್ದನ್ನು ಎರಡು ಸಾಲಿನಲ್ಲಿ ಬರೆದೆ. ಮರುದಿನ ಮ್ಯಾಮ್ ಉತ್ತರ ಬರೆದಿದ್ದರು. ಫ್ರೆಂಚಿನಲ್ಲೂ ನಮ್ಮ ಹಾಗೇ ನೀನು, ನೀವು ಬೇರೆ ಬೇರೆ. 'ಸಾವಾ' ಸ್ನೇಹಿತರಿಗೆ, ದೊಡ್ಡವರಿಗೆ 'ಕೊಮಾಂತಾಲೇ ವೂ' ಅನ್ನಬೇಕು. ಕೆಳಗೆ ಒಂದು ನಗುವ ಮುಖ. ಮಾವ ಸಿಟ್ಟಾಗಿದ್ದು ಏಕವಚನಕ್ಕೆ ಅಂತ ತಿಳಿದರೋ ಏನೋ.

ಹದಿನೈದು ದಿನ ತಿಪಟೂರಿನಿಂದ ಫೋನಿಲ್ಲ. ಆಮೇಲೊಂದು ಬೆಳಿಗ್ಗೆ ಮಾವನೇ ಮಾಡಿದರು. ನನ್ನ 'ಹಲೋ'ಗೂ ಕಾಯಲಿಲ್ಲ.

"ಲೋ, ನಿನ್ನ ಮಗನಿಗೆ ಹೇಳು. ಕೋಮಾನೂ ಇಲ್ಲ, ಸಾವೂ ಇಲ್ಲ. ತಟ್ಟೆ ಇಡ್ಲಿ ತಿಂತಾ ಇದೀನಿ."