ಸತ್ಯಾಂಶ: ಕಾಲ್ ಫಾರ್ವರ್ಡ್ ಮಾಡಿದರೆ ಕೆನಡಾಗೆ ಫ್ರೀ ಅಲ್ಲ

"ವಿದೇಶಕ್ಕೆ ಹೋದ ಮಕ್ಕಳ ಸಿಮ್ ಮನೆಯಲ್ಲಿದೆಯಾ? ಸ್ಟಾರ್ 401 ಸ್ಟಾರ್ ಒತ್ತಿ, ಈ ಇಂಟರ್‌ನೆಟ್ ನಂಬರ್ ಹಾಕಿ. ಕಾಲೆಲ್ಲ ಅಲ್ಲಿಗೆ ಫ್ರೀ!" ಮಡಿಕೇರಿ ಹತ್ತಿರದ ನಮ್ಮೂರಲ್ಲಿ ಪಕ್ಕದ ಮನೆಯ ಚಿಕ್ಕಮ್ಮ ಕಣದಲ್ಲಿ ಕಾಫಿ ಹರವುತ್ತಲೇ ಈ ಮೆಸೇಜ್ ತೋರಿಸಿದರು. ಮಗ ಕೆನಡಾದಲ್ಲಿದ್ದಾನೆ, ಆಸೆ ಆಗೋದು ಸಹಜ ಅಲ್ವಾ.

ಇಂಟರ್‌ನೆಟ್ ಮೂಲಕ ನಡೆಯುವ ಇಂಥ ಫೋನ್ ನಂಬರ್ ಇರೋದು ಸುಳ್ಳಲ್ಲ. ಮಾತು ಡೇಟಾ ಆಗಿ ಹೋಗುವುದರಿಂದ ಖರ್ಚು ಕಡಿಮೆ. ಆದರೆ ಫಾರ್ವರ್ಡ್ ಆದ, ಅಂದರೆ ನಿಮ್ಮ ಸಿಮ್‌ಗೆ ಬಂದು ಬೇರೆ ನಂಬರಿಗೆ ತಿರುಗಿದ ಕಾಲ್‌ನಲ್ಲಿ ಎರಡು ಭಾಗ ಇರುತ್ತದೆ. ಕರೆ ಮಾಡಿದವರು ನಿಮ್ಮ ಸಿಮ್‌ವರೆಗಿನ ದುಡ್ಡು ಮಾತ್ರ ಕೊಡುತ್ತಾರೆ. ಅಲ್ಲಿಂದ ಮುಂದಿನದು ನಿಮ್ಮ ಲೆಕ್ಕಕ್ಕೆ. ಆ ನಂಬರ್ ಕೆನಡಾದ ಕೋಡ್ ಪ್ಲಸ್ 1ರಿಂದ ಶುರುವಾದರೆ ಅದು ಐಎಸ್‌ಡಿ, ಅಂದರೆ ವಿದೇಶದ ಕಾಲ್!

ಹಣಕ್ಕಿಂತ ಜಾಸ್ತಿ ಭಯ ಬೇರೆಯದು. ಗುರುತಿಲ್ಲದ ನಂಬರಿಗೆ ಫಾರ್ವರ್ಡ್ ಮಾಡಿದರೆ, ಫೋನಲ್ಲಿ ಓದಿ ಹೇಳುವ ಒಟಿಪಿಯೂ ಅವರ ಕಿವಿಗೇ ಬೀಳುತ್ತದೆ. ಇಂಥ ಮೋಸ ಹೆಚ್ಚಾದ್ದರಿಂದಲೇ ದೂರಸಂಪರ್ಕ ಇಲಾಖೆ, 2024ರ ಏಪ್ರಿಲ್ 15ರಿಂದ ಹೀಗೆ ಕೋಡ್ ಒತ್ತಿ ಫಾರ್ವರ್ಡ್ ಮಾಡುವುದನ್ನು ನಿಲ್ಲಿಸಲು ಕಂಪನಿಗಳಿಗೆ ಹೇಳಿತು.

ಚಿಕ್ಕಮ್ಮನ ಫೋನಿನ ಕಾಲ್ ಸೆಟ್ಟಿಂಗ್ ತೆರೆದು ನೋಡಿದೆವು. ಫಾರ್ವರ್ಡ್ ಆಫ್ ಇತ್ತು, ಪುಣ್ಯ. ನೀವೂ ಈಗಲೇ ನೋಡಿ. ಗೊತ್ತಿಲ್ಲದ ನಂಬರ್ ಇದ್ದರೆ ತೆಗೆಯಿರಿ, ಹಣ ಹೋಗಿದ್ದರೆ ತಡಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.